ಮೂಗುಬೊಟ್ಟಿನ ಡಬ್ಬಿಯಲ್ಲಿ ಕಲ್ಯಾಣಿ

ಬಸವನಗುಡಿಗೂ ಮಲ್ಲೇಶ್ವರಕ್ಕೂ ನಡುವಿನ ಪೈಪೋಟಿ ಹೊರಗಿನವರಿಗೆ ಅರ್ಥವಾಗುವಂಥದ್ದಲ್ಲ. 1898ರ ಪ್ಲೇಗಿಗೆ ಹೆದರಿ ಹಳೇ ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದವರಲ್ಲಿ ಕೆಲವರು ದಕ್ಷಿಣಕ್ಕೆ ನಡೆದರು, ಕೆಲವರು ಉತ್ತರಕ್ಕೆ. ಹಾಗೆ ತುಂಬಿಕೊಂಡ ಬಡಾವಣೆಗಳಿವು. ಎರಡು ಕಡೆಯೂ ಅದೇ ಕೆಂಪು ಹೆಂಚು, ಅದೇ ಜಗಲಿ, ಅದೇ ಹುಳಿ, ಅದೇ ಫಿಲ್ಟರ್ ಕಾಫಿ. ಜಗಳಕ್ಕೆ ಕಾರಣವೇ ಇಲ್ಲ. ಬಹುಶಃ ಅದಕ್ಕೇ ಅದು ಇನ್ನೂ ಮುಗಿದಿಲ್ಲ. ದೋಸೆಯೆಂದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ್ದು ಎಂದು ಇವರು, ಮಾರ್ಗೋಸಾ ರಸ್ತೆಯ ಸಿ.ಟಿ.ಆರ್.ನದ್ದು ಎಂದು ಅವರು. ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ ಬಸವನಗುಡಿಯ ಸ್ವತ್ತೆಂದು ಎಲ್ಲರೂ ಒಪ್ಪಿದ್ದರು. ಈಚೆಗೆ ಕಾಡುಮಲ್ಲೇಶ್ವರನ ಸನ್ನಿಧಿಯಲ್ಲೂ ಪರಿಷೆ ಶುರುವಾಯಿತು. ನಮ್ಮ ಸೋದರಮಾವ ಆ ಸುದ್ದಿ ಓದಿ, ಪೇಪರು ಮಡಿಸಿಟ್ಟು, "ಇನ್ನು ಬಸವಣ್ಣನನ್ನ ಹೊತ್ಕೊಂಡು ಹೋಗೋದೊಂದು ಬಾಕಿ" ಎಂದರು. ಮಲ್ಲೇಶ್ವರದಲ್ಲೂ ನಂದಿತೀರ್ಥವಿದೆ, ಅಲ್ಲೂ ಬಸವಣ್ಣನಿದ್ದಾನೆ ಎಂದು ನೆನಪಿಸುವ ಧೈರ್ಯ ನನಗೆ ಬರಲಿಲ್ಲ.

ಈ ಹಳೇ ವ್ಯಾಜ್ಯಕ್ಕೆ ನಮ್ಮ ಕುಟುಂಬದ ಕೊಡುಗೆಯೂ ಒಂದುಂಟು. ಮೆಮೊರಿ ಕಾರ್ಡ್ ಮೇಲೋ ಪೆನ್‌ಡ್ರೈವ್ ಮೇಲೋ ಎಂಬುದು.

ಮಾವ ಬಸವನಗುಡಿ. ಅವರ ಷಡ್ಡಕರು, ಅಂದರೆ ನಮ್ಮತ್ತೆಯ ತಂಗಿಯ ಯಜಮಾನರು, ಮಲ್ಲೇಶ್ವರ. ಇಬ್ಬರೂ ಸಂಗೀತದ ಹುಚ್ಚಿನವರು. ಮಾವ ಬ್ಯಾಂಕೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಊರೂರಿನ ಶಾಖೆಗಳ ಲೆಕ್ಕ ತೆಗೆದು ನೋಡೀ ನೋಡೀ, ಮನುಷ್ಯನ ಕೈಗೆ ಕೊಟ್ಟಿದ್ದು ವಾಪಸ್ಸು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಅವರದು ಮೆಮೊರಿ ಕಾರ್ಡಿನ ಪಕ್ಷ. ಹದಿನೈದು ಮಿಲಿಮೀಟರ್ ಉದ್ದ, ಹನ್ನೊಂದು ಅಗಲ, ಒಂದು ದಪ್ಪ. ಫೋನಿನೊಳಕ್ಕೆ ಒಮ್ಮೆ ತಳ್ಳಿದರೆ ಮುಗಿಯಿತು. ಅಲ್ಲೊಂದು ವಸ್ತು ಇದೆಯೆಂದು ಬಂದವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗದ ವಸ್ತುವನ್ನು ಯಾರೂ ಕೇಳುವುದಿಲ್ಲ. ಮಾವನಿಗೆ ಕಾರ್ಡು ಇಷ್ಟವಾದದ್ದು ಈ ಒಂದು ಗುಣಕ್ಕೆ.

ಷಡ್ಡಕರು ಪೆನ್‌ಡ್ರೈವಿನವರು. ಮನೆಯ ಬೀಗದಕೈ ಗೊಂಚಲಲ್ಲೇ ಕೆಂಪು, ನೀಲಿ, ಬೆಳ್ಳಿಬಣ್ಣದ ಪೆನ್‌ಡ್ರೈವುಗಳು ತೂಗುತ್ತಿದ್ದವು. ಒಂದೊಂದಕ್ಕೂ ಚೀಟಿ: 'ರುದ್ರ-ಚಮಕ', 'ತೋಡಿ-ಭೈರವಿ', 'ಮಗನ ಮದುವೆ'. ಸ್ಯಾಂಕಿ ಕೆರೆಯ ಸುತ್ತ ಬೆಳಗಿನ ವಾಕಿಂಗಿಗೆ ಹೊರಟರೆ ಜೇಬಿನಲ್ಲಿ ಒಂದಾದರೂ ಇರಬೇಕು. ದಾರಿಯಲ್ಲಿ ಸಿಕ್ಕವರು "ಏನ್ ರಾಯರೇ, ಮೊನ್ನೆ ಕಚೇರಿ ಕೇಳಿದ್ರಾ?" ಎಂದರೆ ಸಾಕು, ಇವರ ಕೈ ಜೇಬಿಗೆ ಹೋಗುತ್ತಿತ್ತು. "ತಗೊಳ್ಳಿ, ಕಾಪಿ ಮಾಡ್ಕೊಂಡು ನಿಧಾನಕ್ಕೆ ಕೊಡಿ." ಆ 'ನಿಧಾನಕ್ಕೆ' ಎಂಬ ಮಾತನ್ನು ಮಲ್ಲೇಶ್ವರದ ಜನ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಮದುವೆ, ಮುಂಜಿ, ಶ್ರಾದ್ಧ, ಎಲ್ಲಿ ಸೇರಿದರೂ ಚರ್ಚೆ ಇದೇ. ಅಡಿಗೆಯವರು ಎಲೆ ಹಾಕುವ ತನಕ ಕಾರ್ಡಿನ ಪರ ಮಾವ, ಪೆನ್‌ಡ್ರೈವಿನ ಪರ ಷಡ್ಡಕರು. ನಮ್ಮತ್ತೆ, ಅವರ ತಂಗಿ ಪಕ್ಕದಲ್ಲಿ ಕೂತು ಹೂ ಕಟ್ಟುತ್ತ, "ಇವರಿಬ್ಬರಿಗೂ ಬೇರೆ ಕೆಲಸ ಇಲ್ಲ" ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

ತಮಾಷೆಯೆಂದರೆ ಕಾರ್ಡೂ ಪೆನ್‌ಡ್ರೈವೂ ಒಳಗೆ ಒಂದೇ. ಎರಡರ ಹೊಟ್ಟೆಯಲ್ಲೂ ಇರುವುದು ಫ್ಲ್ಯಾಶ್ ಮೆಮೊರಿ. ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕಾ ಎಂಬ ಎಂಜಿನಿಯರು 1980ರ ದಶಕದಲ್ಲಿ ಕಂಡುಹಿಡಿದದ್ದು. ನಿರೋಧಕ ಪದರದ ಒಳಗೆ ಒಂದಿಷ್ಟು ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ ಸೊನ್ನೆ, ಖಾಲಿ ಬಿಟ್ಟರೆ ಒಂದು. ಈ ಸೊನ್ನೆ-ಒಂದುಗಳಲ್ಲೇ ತೋಡಿಯೂ ಮಗನ ಮದುವೆಯೂ ಅಡಗಿ ಕೂರಬೇಕು. 1999ರಲ್ಲಿ ಸ್ಯಾನ್‌ಡಿಸ್ಕ್, ಮತ್ಸುಶಿತಾ, ತೋಶಿಬಾ ಮೂವರೂ ಸೇರಿ ಎಸ್‌ಡಿ ಕಾರ್ಡು ತಂದರು. ಮರುವರ್ಷ ಸಿಂಗಪುರದ ಟ್ರೆಕ್ ಕಂಪನಿ ಪೆನ್‌ಡ್ರೈವನ್ನು ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷ ಐಬಿಎಂ ಹೆಸರಲ್ಲಿ ಬಂದ ಪೆನ್‌ಡ್ರೈವಿನಲ್ಲಿದ್ದದ್ದು ಬರೀ 8 ಎಂಬಿ. ಎಂಪಿ3 ಲೆಕ್ಕದಲ್ಲಿ ಎಂಟು ನಿಮಿಷ. ವಿದ್ವಾಂಸರು ಆಲಾಪನೆಗೆ ಕೈ ಹಾಕದಿದ್ದರೆ ಒಂದು ಕೃತಿ ಹಿಡಿದೀತು. ಒಂದೇ ತಾಯಿಯ ಮಕ್ಕಳಾದ ಈ ಅಕ್ಕತಂಗಿಯರಲ್ಲಿ ಒಬ್ಬಳನ್ನು ಮಾವ, ಇನ್ನೊಬ್ಬಳನ್ನು ಷಡ್ಡಕರು ಕಟ್ಟಿಕೊಂಡು, ಅವಳ ಮನೆತನ ಬೇರೆ ಇವಳ ಮನೆತನ ಬೇರೆ ಎಂದು ವಾದಿಸುತ್ತಿದ್ದರು.

ಯುಎಸ್‌ಬಿಯ ಮೇಲೆ ಮಾವನಿಗೆ ಇನ್ನೊಂದು ಸಿಟ್ಟಿತ್ತು. ಅದು ಒಂದೇ ಸಲಕ್ಕೆ ಹೋಗುವುದಿಲ್ಲ. ಒಮ್ಮೆ ತಳ್ಳಿ, ಹೋಗದೆ, ತಿರುಗಿಸಿ ತಳ್ಳಿ, ಹೋಗದೆ, ಮತ್ತೆ ಮೊದಲಿನ ಹಾಗೇ ಹಿಡಿದರೆ ಹೋಗುತ್ತದೆ. "ಯಾವ ಪುಣ್ಯಾತ್ಮ ಮಾಡಿದ್ದಯ್ಯಾ ಇದನ್ನ?" ಎಂದು ಕೇಳಿದಾಗ, ಇಂಟೆಲ್‌ನಲ್ಲಿ ಅದನ್ನು ರೂಪಿಸಿದ ತಂಡದ ಮುಂದಾಳು ನಮ್ಮ ದೇಶದವರೇ, ಅಜಯ್ ಭಟ್ ಅಂತ, ಎಂದೆ. ಮಾವನ ಮುಖ ಸ್ವಲ್ಪ ಸಡಿಲವಾಯಿತು. "ಭಟ್ರಾ? ಉಡುಪಿ ಕಡೆಯವರೇನೋ?" ಬರೋಡಾದಲ್ಲಿ ಓದಿದವರು ಎಂದಾಗ, "ಓ, ಆ ಕಡೆ ಭಟ್ರು" ಎಂದು ಮತ್ತೆ ಹಳೇ ಸಿಟ್ಟಿಗೆ ಮರಳಿದರು.

ಈ ಜಗಳದಲ್ಲಿ ನನಗೂ ಒಂದು ಪಕ್ಷವಿರಬೇಕಿತ್ತು. ಆದರೆ ನನ್ನ ಹೊಟ್ಟೆಪಾಡು ಚಾಮರಾಜಪೇಟೆಯದು. ಸಾಹಿತ್ಯ ಪರಿಷತ್ತಿನ ಆಸುಪಾಸಿನ ಒಂದು ಡಿಟಿಪಿ ಅಂಗಡಿಗೆ ಪುಸ್ತಕ, ಸ್ಮರಣ ಸಂಚಿಕೆ, ಆಹ್ವಾನಪತ್ರಿಕೆ ಎಂದು ವರ್ಷಗಟ್ಟಲೆ ಓಡಾಡಿದವನು. ಅಲ್ಲಿ ಪೆನ್‌ಡ್ರೈವಿಲ್ಲದವನು ಅರ್ಧ ಮನುಷ್ಯ. ಆದರೂ ಬರೀ ಲೇಖನ ಒಯ್ದರೆ ಸಾಲದು. ನಮ್ಮಲ್ಲಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದು ನುಡಿ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಡ್ಡಗೆರೆ, ಚುಕ್ಕೆ, ಟೊಪ್ಪಿಗೆಯಿಟ್ಟ ರೋಮನ್ ಅಕ್ಷರಗಳಾಗಿ ಕಾಣುತ್ತಿತ್ತು. ಹಾಗಾಗಿ ಲೇಖನದ ಜೊತೆ ಅಕ್ಷರಗಳ ಫೈಲನ್ನೂ ಕಟ್ಟಿಕೊಂಡು ಹೋಗಬೇಕು. ನುಡಿಯನ್ನು ಹೊರತಂದ ಕನ್ನಡ ಗಣಕ ಪರಿಷತ್ತು ಅದೇ ಚಾಮರಾಜಪೇಟೆಯಲ್ಲಿ. ಅದರ ನೆರೆಯಲ್ಲೇ ಕೂತು, ಕಾಪಿ ಮಾಡಿಕೊಂಡು ಬಂದ ನುಡಿ ಇಲ್ಲದೆ ಒದ್ದಾಡಿದ್ದೇವೆ. ಅಂಗಡಿಯ ಗೋಡೆಯಲ್ಲಿ ಕೈಬರಹದ ಬೋರ್ಡು: 'ಸ್ಕ್ಯಾನ್ ಮಾಡದೆ ಪೆನ್‌ಡ್ರೈವ್ ಹಾಕಬಾರದು'. ಅದನ್ನು ಬರೆಸಿದ ಮಾಲೀಕರೇ ಗಿರಾಕಿ ಹೆಚ್ಚಾದ ದಿನ ಸ್ಕ್ಯಾನ್ ಮಾಡದೆ ಹಾಕಿ, ಮರುದಿನ ಎಲ್ಲ ಫೋಲ್ಡರೂ ಶಾರ್ಟ್‌ಕಟ್ ಆಗಿ ಕೂತದ್ದನ್ನು ನೋಡಿ ತಲೆಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಊರಿನ ಆಮಂತ್ರಣಪತ್ರಿಕೆಗಳ ಜೊತೆ ಊರಿನ ವೈರಸ್ಸುಗಳೂ ಪೆನ್‌ಡ್ರೈವಿನಲ್ಲೇ ಮನೆಮನೆಗೆ ಹೋಗುತ್ತಿದ್ದ ಕಾಲ.

2010ರಲ್ಲಿ ಸ್ಟಕ್ಸ್‌ನೆಟ್ ಎಂಬ ವೈರಸ್ಸು ಬಯಲಾಯಿತು. ಇರಾನಿನ ನತಾಂಜ್ ಅಣುಕೇಂದ್ರದ ಕಂಪ್ಯೂಟರುಗಳಿಗೆ ಹೊರಗಿನ ಸಂಪರ್ಕವೇ ಇರಲಿಲ್ಲ, ಯಾರೋ ಪೆನ್‌ಡ್ರೈವಿನಲ್ಲಿ ಒಯ್ದಿರಬೇಕು ಎಂದು ಪತ್ರಿಕೆಗಳು ಬರೆದವು. ಮಾವ ಆ ತುಣುಕನ್ನು ಕತ್ತರಿಸಿ ಪಂಚಾಂಗದಲ್ಲಿಟ್ಟುಕೊಂಡರು. ಮುಂದಿನ ಸಮಾರಂಭದಲ್ಲಿ ಷಡ್ಡಕರ ಎದುರು ಅದನ್ನು ಬಿಚ್ಚಿ, "ಅಣುಸ್ಥಾವರಕ್ಕೇ ನುಗ್ಗಿದ್ದು ಮಲ್ಲೇಶ್ವರಕ್ಕೆ ನುಗ್ಗಲ್ವೇನ್ರೀ?" ಎಂದರು. ಷಡ್ಡಕರು ಪಾಯಸ ಕುಡಿದು ಮುಗಿಸಿ, "ಸ್ವಾಮಿ, ನಮ್ಮನೇಲಿ ಯುರೇನಿಯಂ ಇಲ್ಲ, ಬರೀ ಶಂಕರಾಭರಣ" ಎಂದರು.

ಷಡ್ಡಕರು ಸೋತದ್ದೂ ಉಂಟು. ಎಲ್ಲೋ ಫುಟ್‌ಪಾತಿನಲ್ಲಿ ಕೆಲವೇ ನೂರು ರೂಪಾಯಿಗೆ ಒಂದು ಟಿಬಿ ಎಂದು ಬರೆದ ಪೆನ್‌ಡ್ರೈವ್ ತಂದು, ಅಷ್ಟೂ ಸಂಗ್ರಹವನ್ನು ಅದಕ್ಕೆ ತುಂಬಿದರು. ಹೆಸರುಗಳೆಲ್ಲ ಕಾಣುತ್ತಿದ್ದವು, ಹಾಡುಗಳು ಮಾತ್ರ ಹಾಡಲಿಲ್ಲ. ಇಂಥ ಮಾಲಿನ ಒಳಗೆ ಇರುವುದು ಎಂಟೋ ಹದಿನಾರೋ ಜಿಬಿಯ ಚಿಪ್ಪು. ಕಂಟ್ರೋಲರ್ ಮಾತ್ರ ಕಂಪ್ಯೂಟರಿಗೆ ತಾನು ಒಂದು ಟಿಬಿ ಎಂದು ಸುಳ್ಳು ಹೇಳುತ್ತದೆ. ತುಂಬಿದ ಮೇಲೆ ಹೊಸದನ್ನು ಹಳೆಯದರ ಮೇಲೇ ಬರೆಯುತ್ತ ಹೋಗುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಈ ಬಗೆಯ ಆಸಾಮಿಗಳನ್ನು ಬೇಕಾದಷ್ಟು ಕಂಡಿದ್ದ ಮಾವ ಆ ವಾರವಿಡೀ ಖುಷಿಯಾಗಿದ್ದರು. ನಕಲಿ ಮೆಮೊರಿ ಕಾರ್ಡುಗಳೂ ಇದೇ ಆಟ ಆಡುತ್ತವೆ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ.

ಇಷ್ಟೆಲ್ಲ ಹೋರಾಟ ಯಾವುದಕ್ಕೆ ಎನ್ನುವುದನ್ನು ಹೇಳಲೇ ಇಲ್ಲ. ಕ್ಯಾಸೆಟ್ಟುಗಳಿಗೆ.

ಎಪ್ಪತ್ತು, ಎಂಬತ್ತರ ದಶಕದಲ್ಲಿ ಮಾವ ರೇಡಿಯೋದಿಂದ ಸಂಗೀತ ಹಿಡಿದಿಡುತ್ತಿದ್ದರು. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ ಸಂಜೆಸಂಜೆಯೂ ಹೋಗುವುದಿತ್ತು. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ಉತ್ಸವ ಅದು. ಒಳಗೆ ಕುರ್ಚಿ ಸಿಗದವರು ಬೇಲಿಯಾಚೆ ರಸ್ತೆಯಲ್ಲಿ ನಿಂತು ಕೇಳುವುದೂ ಅಲ್ಲಿಯ ಪದ್ಧತಿ. ಬೇಲಿಯಾಚೆಯವರು ಒಳಗಿನವರಿಗಿಂತ ಚೆನ್ನಾಗಿ ತಾಳ ಹಾಕುತ್ತಾರೆ ಎಂಬುದು ನನ್ನ ಸ್ವಂತ ಅಭಿಪ್ರಾಯ. ಆದರೆ ಕಚೇರಿಯನ್ನು ಕೇಳಬಹುದಿತ್ತು, ಮನೆಗೆ ತರಲಾಗುತ್ತಿರಲಿಲ್ಲ. ತರಲು ಆಗುತ್ತಿದ್ದದ್ದು ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯ ರಾಷ್ಟ್ರೀಯ ಕಾರ್ಯಕ್ರಮ. ಮಾವನ ಮರ್ಫಿ ರೇಡಿಯೋಕ್ಕೂ ಅವರ ಪುಟ್ಟ ಕ್ಯಾಸೆಟ್ ರೆಕಾರ್ಡರಿಗೂ ನಡುವೆ ತಂತಿ ಹಾಕುವ ಉಪಾಯವಿರಲಿಲ್ಲ. ರೇಡಿಯೋದ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಡಿಸಿದ ಟವೆಲ್ಲು, ಟವೆಲ್ಲಿನ ಮೇಲೆ ರೆಕಾರ್ಡರು. ಎರಡು ಬಟನ್ನು ಒಟ್ಟಿಗೆ ಒತ್ತಿ ಮಾವ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಮನೆಯೂ ಉಸಿರು ಬಿಗಿಹಿಡಿಯಬೇಕು. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು ನಲವತ್ತೈದು ನಿಮಿಷ. ಮಗ್ಗುಲು ಬದಲಿಸುವ ಹೊತ್ತಿಗೆ ತನಿ ಆವರ್ತನದ ಒಂದು ತುತ್ತು ಕಳೆದುಹೋಗುವುದು ಯಾವಾಗಲೂ ಇದ್ದದ್ದೇ.

ರೆಕಾರ್ಡರಿನ ಮೈಕು ಭೇದಭಾವ ಮಾಡುತ್ತಿರಲಿಲ್ಲ. ವಿದ್ವಾಂಸರ ಜೊತೆ ಬುಲ್ ಟೆಂಪಲ್ ರಸ್ತೆಯ ಕಡೇ ಬಸ್ಸಿನ ಗೇರೂ, ಪಕ್ಕದ ಮನೆಯ ಮಗುವಿನ ಅಳುವೂ ಅದರೊಳಗೆ ಸೇರುತ್ತಿದ್ದವು. ಒಂದು ಕ್ಯಾಸೆಟ್ಟಿನಲ್ಲಿ, ಅದ್ಭುತವಾದ ಕಲ್ಯಾಣಿ ಅದು, ಆಲಾಪನೆ ಮೇಲಕ್ಕೇರಿ ತಾರಸ್ಥಾಯಿಯಲ್ಲಿ ನಿಂತ ಆ ಗಳಿಗೆಗೆ ಸರಿಯಾಗಿ, ಒಳಮನೆಯಿಂದ ಅತ್ತೆಯ ದನಿ: "ರೀ, ಹಿತ್ತಲ ಬಾಗ್ಲು ಹಾಕಿದ್ರಾ?" ಅದರ ಬೆನ್ನಿಗೇ, ಮೈಕಿಗೆ ತೀರ ಹತ್ತಿರದಿಂದ, ಮಾವನದೇ ದನಿ: "ಶ್ಶ್!"

ಆ ಕ್ಯಾಸೆಟ್ಟು ನಮ್ಮ ಮನೆತನದಲ್ಲಿ ಪ್ರಸಿದ್ಧವಾಗಿತ್ತು. ಹಬ್ಬಕ್ಕೆ ಸೇರಿದಾಗ ಹುಡುಗರು ಬೇಕೆಂದೇ ಅದನ್ನು ಹಾಕಿಸಿ, ಆ ಜಾಗ ಬಂದಾಗ ಎಲ್ಲರೂ ಒಟ್ಟಿಗೆ "ಶ್ಶ್!" ಎನ್ನುತ್ತಿದ್ದೆವು. ಅತ್ತೆ ನಾಚಿಕೊಂಡು, "ಬಾಗ್ಲು ಹಾಕಿದ್ರೋ ಇಲ್ವೋ, ಇವತ್ತಿಗೂ ಹೇಳಿಲ್ಲ ಅವರು" ಎನ್ನುವರು. ಮಾವ ಮಾತ್ರ ನಗುತ್ತಿರಲಿಲ್ಲ. ಅವರಿಗೆ ಅದು ಕಲ್ಯಾಣಿಗೆ ತಗಲಿದ ಕಲೆ.

ಇದೇ ಕ್ಯಾಸೆಟ್ಟು ಅವರ ಸಾಲಕೊಡದ ವ್ರತಕ್ಕೂ ಮೂಲ. ಚಾಮರಾಜಪೇಟೆಯಲ್ಲಿ ಅವರ ಗೆಳೆಯರೊಬ್ಬರು ಗಣಿತದ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಯಾವುದೋ ಮದುವೆ ಗಡಿಬಿಡಿಯಲ್ಲಿ ಮೇಷ್ಟ್ರು ಕಲ್ಯಾಣಿ ಕೇಳಿದರು. ಮಾವ ಡಬಲ್ ಡೆಕ್ಕಿನಲ್ಲಿ ತೆಗೆದಿಟ್ಟಿದ್ದ ನಕಲನ್ನು ಕೊಡುವ ಬದಲು ಅಸಲನ್ನೇ ಕೊಟ್ಟುಬಿಟ್ಟರು. ಅಸಲು ಹಿಂದಿರುಗಲಿಲ್ಲ. ಮೊದಮೊದಲು ಜ್ಞಾಪಿಸಿದರು, ಆಮೇಲೆ ಸೂಚನೆಯಾಗಿ ಹೇಳಿದರು, ಆಮೇಲೆ ಮಾತೇ ಕಡಿಮೆಯಾಯಿತು. "ಬಡ್ಡಿ ಬೇಡ, ಅಸಲಾದರೂ ಬರಬೇಡವೇ" ಎನ್ನುವುದು ಮಾವನ ನಿತ್ಯದ ಕೊರಗು. ಪೆನ್‌ಡ್ರೈವ್ ಎಂಬ ಪದ ಕೇಳಿದರೆ ಅವರ ಕಣ್ಣಮುಂದೆ ಬರುತ್ತಿದ್ದದ್ದು ಮೇಷ್ಟ್ರ ಮುಖ.

ನಿವೃತ್ತಿಯ ಬಳಿಕ ಮಾವ ಅಷ್ಟೂ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತರು. ಇದರಲ್ಲಿ ಅವಸರ ನಡೆಯುವುದಿಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟು ತೊಂಬತ್ತು ನಿಮಿಷವೇ ಓಡಬೇಕು. ಅತ್ತೆಗೆ ಒಳಗೊಳಗೇ ಸಂತೋಷ, ಏಕೆಂದರೆ ಕ್ಯಾಸೆಟ್ಟಿನ ಬೀರು ಖಾಲಿಯಾದರೆ ದಸರಾ ಬೊಂಬೆಗಳಿಗೆ ಜಾಗ. ಮಾವ ಲೆಕ್ಕ ಹಾಕಿದರು: ಒಂದು ಗಂಟೆಗೆ ಐವತ್ತೆಂಟು ಎಂಬಿ, 32 ಜಿಬಿ ಕಾರ್ಡಿನಲ್ಲಿ ಸುಮಾರು 550 ಗಂಟೆ, ಅಂದರೆ ಮುನ್ನೂರೈವತ್ತಕ್ಕೂ ಮೀರಿ ಸಿ-90. ಗೋಡೆಯಗಲದ ಬೀರು ಹೆಬ್ಬೆರಳ ಉಗುರಿನ ಮೇಲೆ ಬಂದು ಕೂತಿತು. ಹಳೇ ಪೇಪರಿನವನು ಕ್ಯಾಸೆಟ್ಟುಗಳನ್ನು ಗೋಣಿಚೀಲದಲ್ಲಿ ಕೊಂಡೊಯ್ದ. "ನನ್ನ ತಂಗಿ ಮನೆಗೂ ಒಂದು ಕಾಪಿ ಕೊಡಿ" ಎಂದು ಅತ್ತೆ ಹಟ ಹಿಡಿದದ್ದಕ್ಕೆ ಷಡ್ಡಕರ ಪೆನ್‌ಡ್ರೈವಿಗೂ ಒಂದು ಪ್ರತಿ ಹೋಯಿತು. ಅವತ್ತು ಮಾವ ಪೆನ್‌ಡ್ರೈವನ್ನು ಎರಡು ಸಲ ಸ್ಕ್ಯಾನ್ ಮಾಡಿಸಿದರು.

ಅಷ್ಟು ಚಿಕ್ಕ ಕಾರ್ಡನ್ನು ಇಡುವುದೆಲ್ಲಿ? ಫೋನು ಕೆಟ್ಟರೆ, ಕಳುವಾದರೆ? ಅತ್ತೆಯೇ ದಾರಿ ತೋರಿಸಿದರು. ಅವರ ಮೂಗುಬೊಟ್ಟಿನ ಹಳೇ ಡಬ್ಬಿ, ಒಳಗೆ ಮಾಸಿದ ಕೆಂಪು ಮಖಮಲ್ಲು, ಮುಚ್ಚಳದ ಮೇಲೆ ಅಕ್ಕಸಾಲಿಯ ಅಂಗಡಿಯ ಅಳಿಸಿಹೋದ ಹೆಸರು. ಕಾರ್ಡು ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಡಬ್ಬಿ ಬೀರುವಿನ ಲಾಕರಿಗೆ ಹೋಯಿತು. ಬ್ಯಾಂಕಿನವರಿಗೆ ಅದಕ್ಕಿಂತ ಸಮಾಧಾನದ ಸಂಗತಿ ಇನ್ನೇನು ಬೇಕು.

ಅತ್ತೆ ತೀರಿಕೊಂಡದ್ದು ಅದಾದ ಕೆಲವು ವರ್ಷಕ್ಕೆ. ಮಾವ ಸಂಗೀತ ಕೇಳುವುದನ್ನೇ ಬಿಟ್ಟರು. ಹಳೇ ಲ್ಯಾಪ್‌ಟಾಪು ಎಕ್ಸ್‌ಚೇಂಜಿಗೆ ಹೋಯಿತು. ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ. ಒಂದು ಶನಿವಾರ, ನಾನು ಹೋದಾಗ, ಡಬ್ಬಿ ತಂದು ಕೈಗಿಟ್ಟು, "ಆ ಕಲ್ಯಾಣಿ ಹಾಕು" ಎಂದರು. ಹಾಕಿದೆ. ಫೋನು ಕೊಂಚ ಯೋಚಿಸಿ, ಕಾರ್ಡು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ತುಂಬ ಸಭ್ಯವಾದ ಪ್ರಶ್ನೆ. ಮಾವ ಕನ್ನಡಕ ತೆಗೆದು ಒರೆಸಿ, "ಏನಂತೆ?" ಎಂದರು.

ಎಸ್.ಪಿ. ರೋಡಿಗೆ ಇಬ್ಬರೂ ಹೋದೆವು. ಸಾದರ ಪತ್ರಪ್ಪನ ಹೆಸರಿನ ಆ ರಸ್ತೆಯಲ್ಲಿ ರಿಪೇರಿಯಾಗದ ವಸ್ತುವಿಲ್ಲ ಎಂಬುದು ಊರಿನ ನಂಬಿಕೆ. ಮೊದಲ ಮಹಡಿಯ ಒಂದು ಗೂಡಂಗಡಿಯಲ್ಲಿ ಹುಡುಗನೊಬ್ಬ ಭೂತಗನ್ನಡಿಯ ಕೆಳಗೆ ಕಾರ್ಡನ್ನು ತಿರುಗಿಸಿ ನೋಡಿದ. ಪೆನ್‌ಡ್ರೈವಾದರೆ ಎಷ್ಟೋ ಸಲ ಒಳಗೆ ಹಸಿರು ಹಲಗೆ, ಅದರ ಮೇಲೆ ಚಿಪ್ಪು ಬೇರೆ, ಕಂಟ್ರೋಲರು ಬೇರೆ. ಚಿಪ್ಪನ್ನು ಬಿಡಿಸಿ ಓದಬಹುದು. ಮೈಕ್ರೋ ಎಸ್‌ಡಿ ಎಲ್ಲವನ್ನೂ ಸೇರಿಸಿ ಎರಕ ಹೊಯ್ದ ಒಂದೇ ತುಂಡು. ಮೇಲಿನ ಲೇಪ ಕೆರೆದು ಕೂದಲೆಳೆಯ ತಂತಿ ಬೆಸೆದು ಓದುವವರು ಇದ್ದಾರೆ, ಆದರೆ ಖರ್ಚು ಸಾವಿರಾರು, ಭರವಸೆ ಸೊನ್ನೆ. "ಬಳಸ್ತಾ ಇರ್ಬೇಕಿತ್ತು ಸಾರ್. ಸುಮ್ನೆ ಇಟ್ರೆ ಒಳಗಿಂದೇ ಸೋರೋಗತ್ತೆ" ಎಂದ ಹುಡುಗ. ಅವನು ಹೇಳಿದ್ದು ನಿಜ. ಕೂಡಿಹಾಕಿದ ಎಲೆಕ್ಟ್ರಾನುಗಳು ಶಾಶ್ವತವಾಗಿ ಕೂರುವುದಿಲ್ಲ. ವಿದ್ಯುತ್ತಿನ ಸೋಂಕಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಒಂದೊಂದಾಗಿ ತಪ್ಪಿಸಿಕೊಳ್ಳುತ್ತವೆ. ಕಾರ್ಡಾಗಲಿ ಪೆನ್‌ಡ್ರೈವಾಗಲಿ, ಎರಡೂ ಒಯ್ಯುವುದಕ್ಕೆ ಆದವು, ಇಡುವುದಕ್ಕಲ್ಲ. ಫೋನು, ಕ್ಯಾಮೆರಾಗಳ ಒಳಗಿರುವುದಕ್ಕೆ ಕಾರ್ಡು, ಕೈಯಿಂದ ಕೈಗೆ ದಾಟಿಸುವುದಕ್ಕೆ ಪೆನ್‌ಡ್ರೈವು ಎಂಬುದಕ್ಕಿಂತ ದೊಡ್ಡ ಸಿದ್ಧಾಂತ ಈ ವಿಷಯದಲ್ಲಿ ನನಗೆ ಇವತ್ತಿಗೂ ಹೊಳೆದಿಲ್ಲ. ಮಾವ ಕಾರ್ಡನ್ನು ಡಬ್ಬಿಗೆ ಹಾಕಿ ಮುಚ್ಚಿ, ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದರು.

ಉಳಿದದ್ದು ಮಲ್ಲೇಶ್ವರ. ಬಸವನಗುಡಿ ತಾನಾಗಿ ಮಲ್ಲೇಶ್ವರದ ಬಾಗಿಲಿಗೆ ಹೋಗಿ ಕೇಳುವುದೆಂದರೆ ಸಣ್ಣ ಮಾತಲ್ಲ. ಷಡ್ಡಕರು ಹಂಗಿಸಲಿಲ್ಲ. ಕಾಫಿ ಕೊಡಿಸಿ, ಗೊಂಚಲಿನಿಂದ ನೀಲಿ ಪೆನ್‌ಡ್ರೈವನ್ನು ಬಿಡಿಸಿ ಟೀವಿಗೆ ಚುಚ್ಚಿದರು. ಅದೂ ಒಂದೇ ಸಲಕ್ಕೆ ಹೋಯಿತು. ಕಲ್ಯಾಣಿ ತುಂಬಿ ಬಂತು. ಕ್ಯಾಸೆಟ್ಟಿನ ಸುಯ್ಗುಡುವ ಸದ್ದಿಲ್ಲ, ಬಸ್ಸಿಲ್ಲ, ಪಕ್ಕದ ಮನೆಯ ಮಗುವಿಲ್ಲ. "ಮಗ ಅಮೆರಿಕದಿಂದ ಬಂದಿದ್ದಾಗ ಯಾವುದೋ ಸಾಫ್ಟ್‌ವೇರ್ ಹಾಕಿ ಪೂರ್ತಿ ಕ್ಲೀನ್ ಮಾಡಿಕೊಟ್ಟ" ಎಂದರು ಷಡ್ಡಕರು ಹೆಮ್ಮೆಯಿಂದ. ಆಲಾಪನೆ ಮೇಲಕ್ಕೇರಿತು. ತಾರಸ್ಥಾಯಿಗೆ ಹೋಗಿ ನಿಂತಿತು. ಮಾವ ಮುಂದಕ್ಕೆ ಬಾಗಿದರು. ಆಲಾಪನೆ ಕಳಂಕವಿಲ್ಲದೆ ಕೆಳಗಿಳಿಯಿತು.

ಮಾವ ಏನೂ ಅನ್ನಲಿಲ್ಲ. ಷಡ್ಡಕರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ರಿಮೋಟು ಹಿಡಿದ ಕೈ ಹಾಗೇ ನಿಂತಿತು. "ಅಲ್ಲಿ... ಅತ್ತಿಗೆ ಮಾತು ಬರ್ತಿತ್ತಲ್ವೇ" ಎಂದರು. "ಡಿಸ್ಟರ್ಬೆನ್ಸು ಅಂತ ಕಟ್ ಮಾಡಿಸಿಬಿಟ್ಟೆವು ರಾಯರೇ." ಒಳಗಿನಿಂದ ಅವರ ಮನೆಯವರು, ಅತ್ತೆಯ ತಂಗಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಆ ಪೆನ್‌ಡ್ರೈವು ಮಲ್ಲೇಶ್ವರದ ಎಷ್ಟು ಮನೆಗಳಿಗೆ ಹೋಗಿತ್ತೋ; ಎಲ್ಲ ಮನೆಗಳಲ್ಲೂ ಈಗ ಕಲ್ಯಾಣಿ ಹೀಗೇ ಶುದ್ಧವಾಗಿರಬೇಕು.

ಚಾಮರಾಜಪೇಟೆಯ ಮೇಷ್ಟ್ರ ಹೆಸರು ತೆಗೆದವರು ಷಡ್ಡಕರೇ. ಮಾವ ಮೊದಲು ಒಪ್ಪಲಿಲ್ಲ. ಆಮೇಲೆ, "ಅವರು ಇದ್ದಾರೋ ಇಲ್ಲವೋ" ಎಂದರು. ಆಮೇಲೆ ಆಟೋ ಹತ್ತಿದರು. ಮುಂದೆ ಡ್ರೈವರಿಗೆ ದಾರಿ ಹೇಳುತ್ತ ಷಡ್ಡಕರು, ಹಿಂದೆ ನಾವಿಬ್ಬರು ಎಂದು ಹೇಳಿದರೆ ನಂಬಬೇಡಿ, ಹಿಂದೆಯೇ ಮೂವರೂ ಇರುಕಿಕೊಂಡಿದ್ದೆವು.

ಮೇಷ್ಟ್ರು ಇದ್ದರು. ಎಂಬತ್ತು ದಾಟಿದ ಕಿವಿ ಮಂದವಾಗಿತ್ತು, ಜ್ಞಾಪಕ ಮಾತ್ರ ಚೂಪು. ಮಾವನನ್ನು ನೋಡಿದ ತಕ್ಷಣ ಒಳಗೆ ಹೋಗಿ, ಗೂಡಿನಿಂದ ಕ್ಯಾಸೆಟ್ಟನ್ನೇ ತಂದು ಮೇಜಿನ ಮೇಲಿಟ್ಟರು. ಮಾವನ ಕೈಬರಹ, ನೀಲಿ ಶಾಯಿ: 'ಕಲ್ಯಾಣಿ - ಎ ಮಗ್ಗುಲು'. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಹಿಂದಿರುಗಿಸುವುದು'.

"ಇದು ನನ್ನ ಕ್ಯಾಸೆಟ್ಟು" ಎಂದರು ಮಾವ.

"ನಿಮ್ಮ ಹತ್ರ ಇದ್ದವೆಲ್ಲ ಎಲ್ಲಿವೆ?" ಎಂದರು ಮೇಷ್ಟ್ರು.

ಹಳೇ ಪೇಪರಿನವನ ಕಥೆ ಹೇಳಬೇಕಾಯಿತು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನಾನು ವಾಪಸ್ ಕೊಡದೇ ಇದ್ದದ್ದು ಒಳ್ಳೇದೇ ಆಯ್ತು. ಕಾಪಿ ಮಾಡ್ಕೊಳ್ಳಿ. ಇದು ಇಲ್ಲೇ ಇರ್ಲಿ" ಎಂದರು. ಲೆಕ್ಕದ ಮೇಷ್ಟ್ರು ಸಾಧಿಸಿ ತೋರಿಸಿದ್ದನ್ನು ಇನ್‌ಸ್ಪೆಕ್ಷನ್ ವಿಭಾಗ ಅಲ್ಲಗಳೆಯಲಾಗಲಿಲ್ಲ.

ಕಾಪಿ ಯಾವುದಕ್ಕೆ ಮಾಡಬೇಕು ಎಂಬುದರ ಮೇಲೆ ಷಡ್ಡಕರಿಗೂ ಮಾವನಿಗೂ ಅಲ್ಲೇ ಶುರುವಾಯಿತು. ಜೇಬಿನಿಂದ ಡಬ್ಬಿ ಬಂತು, ಬೀಗದಕೈ ಗೊಂಚಲು ಬಂತು. ಆದರೆ ಮೇಷ್ಟ್ರ ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತು ಯಾವಾಗಲೋ ಕೆಟ್ಟಿತ್ತು. ತಂತಿ ಹಾಕುವ ಉಪಾಯ ಇಲ್ಲಿಯೂ ಇಲ್ಲ. ಸ್ಟೂಲು ತರಿಸಿದರು. ಅದರ ಮೇಲೆ ಟವೆಲ್ಲು ಮಡಿಸಿ ಹಾಕಿದವರು ಮಾವನೇ. ನನ್ನ ಫೋನನ್ನು ಅದರ ಮೇಲಿಟ್ಟು ರೆಕಾರ್ಡ್ ಒತ್ತಿದೆ. ಸುಯ್ಗುಟ್ಟುತ್ತ ಕಲ್ಯಾಣಿ ಶುರುವಾಯಿತು. ಬಸ್ಸು ಬಂತು. ಮಗು ಅತ್ತಿತು. ಆಲಾಪನೆ ಮೇಲೇರಿತು. "ರೀ, ಹಿತ್ತಲ ಬಾಗ್ಲು ಹಾಕಿದ್ರಾ?" ಅತ್ತೆಗೆ ಆಗ ನಲವತ್ತೂ ಆಗಿರಲಿಲ್ಲ, ದನಿ ನಾನು ನೆನಪಿಟ್ಟುಕೊಂಡದ್ದಕ್ಕಿಂತ ತೆಳ್ಳಗಿತ್ತು. "ಶ್ಶ್!"

ಮೂವರು ಮುದುಕರೂ ನೆಲ ನೋಡುತ್ತ ಕೂತಿದ್ದರು. ಅಷ್ಟರಲ್ಲಿ, ಇತ್ತ ಏನು ನಡೆದಿದೆಯೆಂದು ತಿಳಿಯದ ಮೇಷ್ಟ್ರ ಹೆಂಡತಿ ಅಡಿಗೆಮನೆಯಿಂದಲೇ ಗಟ್ಟಿಯಾಗಿ ಕೇಳಿದರು: "ಕಾಫಿಗೆ ಸಕ್ಕರೆ ಹಾಕ್ಲಾ, ಬೇಡ್ವಾ?"

ಮೇಷ್ಟ್ರು ಬಾಯಿಗೆ ಬೆರಳಿಟ್ಟು "ಶ್ಶ್..." ಎನ್ನುವಷ್ಟರಲ್ಲಿ ಮಾವ ಕೈ ಎತ್ತಿ ಅವರನ್ನು ತಡೆದು, ಫೋನಿನ ಮೇಲೇ ಬಾಗಿ, ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದರು: "ಹಾಕಿ ತಾಯಿ, ಒಂದೂವರೆ ಚಮಚ!"

ಷಡ್ಡಕರು ಇದನ್ನಾದರೂ ಕಟ್ ಮಾಡಿಸೋಣವೇ ಎಂದು ಆಟೋದಲ್ಲಿ ಕೇಳಿದರು. ಮಾವ ಉತ್ತರ ಕೊಡಲಿಲ್ಲ. ಶುಗರ್ ಇರುವವರು ಒಂದೂವರೆ ಚಮಚ ಹಾಕಿಸಿಕೊಂಡದ್ದು ಮನೆಯಲ್ಲಿ ಸೊಸೆಗೆ ಗೊತ್ತಾಗಬಾರದು ಎಂದಷ್ಟೇ ನನ್ನ ಕಿವಿಯಲ್ಲಿ ಹೇಳಿದರು.